ಮುಚ್ಚಿದ ಬಾಗಿಲಿಗೂ ಕೈಮುಗಿಯುವ ಅಮ್ಮ

ಬ್ಯಾಂಕಾಕ್‌ಗೆ ಹೊರಡುವ ಮೊದಲು, ಅಲ್ಲಿ ಪ್ರವಾಸಿಗರಿಗೆ ಹೇಗೆಲ್ಲ ಟೋಪಿ ಹಾಕುತ್ತಾರೆ ಎಂಬುದನ್ನು ಓದಿ ದಿನಚರಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಮೀಟರ್ ಹಾಕದ ಟ್ಯಾಕ್ಸಿ ಹತ್ತಬಾರದು, ಬಾಡಿಗೆ ಸ್ಕೂಟರಿಗೆ ಪಾಸ್‌ಪೋರ್ಟ್ ಒತ್ತೆ ಇಡಬಾರದು, ಬೀದಿಯಲ್ಲಿ ಯಾರಾದರೂ ಕೈಗೆ ದಾರ ಕಟ್ಟಲು ಬಂದರೆ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು. ಅಲ್ಲಿಗೆ ಹೋದ ಮೇಲೆ ದಿನವೂ ತಾರೀಖು ಹಾಕಿ, ತಪ್ಪಿಸಿಕೊಂಡ ಒಂದೊಂದು ಮೋಸಕ್ಕೂ ಒಂದು ಗೆರೆ ಎಳೆಯುತ್ತಿದ್ದೆ. ಅಮ್ಮ ನೋಡಿ ನಗುತ್ತಿದ್ದಳು. ಅವಳಿಗೆ ಹೊಸನಗರದಲ್ಲಿ ಹೊಲಿಗೆ ಅಂಗಡಿಯಿದೆ. ಸಾಗರದಲ್ಲಿ ನನಗೆ ಕೆಲಸ ಸಿಕ್ಕಿದ ಮೇಲೆ ನಾನೇ ಹಟ ಹಿಡಿದು ಅವಳನ್ನು ಈ ಮೊದಲ ವಿದೇಶ ಪ್ರವಾಸಕ್ಕೆ ಹೊರಡಿಸಿದ್ದೆ.

ಅವಳು ಕೇಳಿದ್ದು ಒಂದೇ: ಮಲಗಿರುವ ಬುದ್ಧನನ್ನು ನೋಡಬೇಕು. ನಾನು ಉಳಿದುದನ್ನೆಲ್ಲ ಮೊದಲು ಜೋಡಿಸಿ, ಅದಕ್ಕೆ ಕೊನೆಯ ದಿನದ ಬೆಳಿಗ್ಗೆಯನ್ನು ಇಟ್ಟಿದ್ದೆ. ಮಧ್ಯಾಹ್ನ ವಿಮಾನ ನಿಲ್ದಾಣಕ್ಕೆ ಹೊರಡಬೇಕು. ಅಂದು ತಪ್ಪಿದರೆ ತಪ್ಪಿದಂತೆಯೇ.

ದೇವಾಲಯದ ಉದ್ದನೆಯ ಗೋಡೆ ಕಾಣಿಸಿದಾಗಲೇ ಇಸ್ತ್ರಿ ಮಾಡಿದ ಬಿಳಿ ಅಂಗಿಯ ನಡುವಯಸ್ಸಿನವನೊಬ್ಬ ಎದುರಾದ. ಕೊರಳಲ್ಲಿ ಗುರುತಿನ ಚೀಟಿ ಇತ್ತು. ಇಂದು ಭಿಕ್ಷುಗಳ ವಿಶೇಷ ಪೂಜೆ, ಬಾಗಿಲು ತೆಗೆಯುವುದು ಮಧ್ಯಾಹ್ನದ ಮೇಲೆಯೇ ಎಂದು ವಿನಯದಿಂದ ಇಂಗ್ಲಿಷಿನಲ್ಲಿ ಹೇಳಿದ. ಅಷ್ಟರೊಳಗೆ ಬೇರೆ ಗುಡಿಗಳನ್ನೂ ಒಂದು ರತ್ನದ ಅಂಗಡಿಯನ್ನೂ ನೋಡಿ ಬರಬಹುದಂತೆ. ಆಟೋ ಪಕ್ಕದಲ್ಲೇ ನಿಂತಿತ್ತು, ಬಾಡಿಗೆಯೂ ತೀರ ಕಡಿಮೆ.

ನಾನು ನಂಬಿಬಿಟ್ಟೆ. ನಮ್ಮ ಕಡೆ ಗುಡಿಯ ದಾರಿಯಲ್ಲಿ ಎದುರಾದವರು ಭಟ್ಟರ ಮನೆಯಲ್ಲಿ ಸೂತಕ, ಬಾಗಿಲು ಹಾಕಿದೆ ಎಂದರೆ ಅದು ನಿಜವೇ. ಕೇಳಿದವರು ಉಪಕಾರವಾಯಿತೆಂದು ಅಲ್ಲಿಂದಲೇ ತಿರುಗುತ್ತಾರೆ. ಟ್ಯಾಕ್ಸಿಯವರು, ಅಂಗಡಿಯವರು ಸುಳ್ಳು ಹೇಳಬಹುದೆಂದು ಗೊತ್ತಿತ್ತು. ದೇವರ ಬಾಗಿಲಿನ ವಿಷಯದಲ್ಲೂ ಹೇಳುತ್ತಾರೆಂದು ಹೊಳೆಯಲೇ ಇಲ್ಲ.

"ಎಂತ ಅಂತೆ?" ಅಮ್ಮ ಕೇಳಿದಳು. ಹೇಳಿದೆ.

"ಹಾಕಿದ್ರೆ ಹಾಕ್ಲಿ ಬಿಡು. ಹೊರಗಿಂದ್ಲೇ ಕೈಮುಗ್ದು ಹೋಗೋಣ."

ಅಮ್ಮ ಹಾಗೆಯೇ. ಕೆಳದಿಯ ಗುಡಿಗೆ ಹೊತ್ತು ಮೀರಿ ಹೋದಾಗಲೂ, ತೀರ್ಥಹಳ್ಳಿಯಲ್ಲಿ ಅಜ್ಜಿ ಮನೆ ಹತ್ತಿರದ ಗುಡಿಗೆ ಬೀಗ ಬಿದ್ದಿದ್ದಾಗಲೂ ಅವಳು ಅರ್ಧ ದಾರಿಯಿಂದ ಹಿಂತಿರುಗಿದವಳಲ್ಲ. ಮುಚ್ಚಿದ ಬಾಗಿಲ ಮುಂದೆ ಚಪ್ಪಲಿ ಬಿಟ್ಟು, ಕೈಮುಗಿದು, ಹೊರಗಿನಿಂದಲೇ ಒಂದು ಸುತ್ತು ಬರುತ್ತಿದ್ದಳು. ಅಷ್ಟು ದೂರ ಬಂದು ಮಾತಾಡಿಸದೆ ಹೋಗಬಾರದು ಎಂಬುದು ಅವಳ ಲೆಕ್ಕ.

ಬಿಸಿಲಲ್ಲಿ ಸುಮ್ಮನೆ ನಡೆಯುತ್ತೀರಿ, ಪ್ರಯೋಜನವಿಲ್ಲ ಎಂದು ಆ ಮನುಷ್ಯ ಮತ್ತೆ ಮತ್ತೆ ಹೇಳಿದ. ಹೊತ್ತಾಗುತ್ತದೆ, ಆಟೋ ಕಾಯುತ್ತಿದೆ ಎಂದು ನಾನೂ ದನಿಗೂಡಿಸಿದೆ.

"ನಿನ್ ಆಟೋ ಎಲ್ಲೂ ಓಡಿ ಹೋಗಲ್ಲ ಮಾರಾಯ್ತಿ. ಬೇಕಾದ್ರೆ ನೀ ಹತ್ತಿ ಕೂತಿರು, ನಾ ಹೋಗಿ ಬರ್ತೀನಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟಳು. ನಾನು ಹಿಂದೆ ಓಡಿದೆ. ಗೋಡೆಯ ಮೂಲೆ ತಿರುಗಿದರೆ ಬಾಗಿಲು ಹಾರು ಹೊಡೆದಿತ್ತು. ಟಿಕೆಟಿಗೆ ಜನ ಸಾಲು ನಿಂತಿದ್ದರು.

ಅಮ್ಮ ನನ್ನನ್ನು ಒಮ್ಮೆ ನೋಡಿ, ಹೋಗಿ ಸಾಲಿನಲ್ಲಿ ನಿಂತಳು. ಒಳಗೆ ಬಂಗಾರದ ಬುದ್ಧನ ತಲೆಯಿಂದ ಪಾದದವರೆಗೆ ನಿಧಾನವಾಗಿ ನಡೆದಳು. "ಇವ್ನಿಗೊಂದು ಶಾಲು ಹೊಲಿಯೋಕೆ ನಮ್ಮಂಗಡಿ ಬಟ್ಟೆ ಎಲ್ಲಾ ಸೇರಿದ್ರೂ ಸಾಲ್ದು," ಎಂದಳು. ಆಮೇಲೆ ಕಂಬಕ್ಕೆ ಒರಗಿ ಬಹಳ ಹೊತ್ತು ಅವನನ್ನೇ ನೋಡುತ್ತ ನಿಂತಳು. ನಾನು ಗಡಿಯಾರ ನೋಡಲಿಲ್ಲ.

ಹೊರಗೆ ಬಂದಾಗ ಅದೇ ಬಿಳಿ ಅಂಗಿಯವನು ವಯಸ್ಸಾದ ದಂಪತಿಗೆ ಅದನ್ನೇ ಹೇಳುತ್ತಿದ್ದ. ಅವರು ಯಾವ ದೇಶದವರೋ ಗೊತ್ತಿಲ್ಲ. ಹೆಂಗಸು ಆಗಲೇ ಆಟೋಗೆ ಕಾಲಿಡುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ ಏನು ಹೇಳಲಿ ಎಂದು ಹುಡುಕುವುದರೊಳಗೆ ಅಮ್ಮ ಹೋಗಿ ಆ ಹೆಂಗಸಿನ ತೋಳು ಹಿಡಿದು, ಮೂಲೆಯ ಕಡೆ ಕೈ ತೋರಿಸಿ, ಎರಡೂ ಅಂಗೈ ಅಗಲಿಸಿ ಬಾಗಿಲು ತೆರೆದಂತೆ ಮಾಡಿ ತೋರಿಸಿದಳು.

"ತೆಗ್ದಿದೆ, ಹೋಗಿ ಬನ್ನಿ. ನಾವು ಈಗಷ್ಟೇ ನೋಡ್ಕೊಂಡು ಬಂದ್ವಿ."

ಅಚ್ಚ ಕನ್ನಡ. ಹೆಂಗಸು ಅಮ್ಮನ ಮುಖ ನೋಡಿ ಕಾಲು ಹಿಂದಕ್ಕೆ ತೆಗೆದಳು. ಬಿಳಿ ಅಂಗಿಯವನು ಫೋನ್ ತೆಗೆದು ದೂರ ಸರಿದ. ದಂಪತಿ ಗೋಡೆಯ ಮೂಲೆ ತಿರುಗುವವರೆಗೂ ಅಮ್ಮ ಆಟೋಗೆ ಅಡ್ಡವಾಗಿ ಅಲ್ಲೇ ನಿಂತಿದ್ದಳು. ನಾನು ಅವಳ ಪಕ್ಕ ಹೋಗಿ ನಿಂತೆ.