ಮ್ಯಾನಿಕ್ವಿನ್ ಅಂದರೆ

ಅಫಜಲಪುರದ ಸೀರೆ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿ ಬಹಳ ವರ್ಷವಾಯಿತು. ಬೆಳಿಗ್ಗೆ ಬಂದವಳೇ ಬಾಗಿಲ ಬಳಿಯ ಗೊಂಬೆಗೆ ಸೀರೆ ಉಡಿಸಬೇಕು. ಆಮೇಲೆ ಸಂಜೆಯವರೆಗೂ ನಿಂತೇ ಇರುವುದು. ಗಿರಾಕಿ ಇಲ್ಲದಿದ್ದರೂ ಕೂರುವಂತಿಲ್ಲ. ಈಚೆಗೆ ಮಧ್ಯಾಹ್ನ ಆಗುವಷ್ಟರಲ್ಲೇ ನನ್ನ ಪಾದಗಳು ಊದಿಕೊಳ್ಳುತ್ತವೆ.

ಒಮ್ಮೆ ಕರಜಗಿಯಿಂದ ತಾಯಿ, ಮಗಳು ಮದುವೆ ಸೀರೆಗೆ ಬಂದರು. ಮದುಮಗಳು ಗೋಡೆಗೊರಗಿ ಮೊಬೈಲ್ ಹಿಡಿದು ಕೂತುಬಿಟ್ಟಳು. ಏನು ತೋರಿಸಿದರೂ, "ಯಾವ್ದಾದ್ರೂ ನಡೀತದ" ಅನ್ನುವಳು. ಗೊಂಬೆಯ ಮೇಲೆ ಹಾಕಿ ತೋರಿಸಿದರೆ ತಾಯಿಗೆ ಒಪ್ಪಿಗೆಯಾಗಲಿಲ್ಲ.

"ಅದು ಬೆಳ್ಳಗ ಹಾಲಿನಂಗ ಐತ್ರಿ. ನಮ್ಮ ಹುಡುಗಿ ನಿಮ್ಮ ಬಣ್ಣದಾಕಿ. ನೀವs ಉಟ್ಟು ತೋರಸ್ರಿ."

ಉಟ್ಟೆ, ಬಿಚ್ಚಿದೆ, ಮತ್ತೆ ಉಟ್ಟೆ. ತಿರುಗು ಅಂದರೆ ತಿರುಗಿದೆ. ಸೊಂಟ ಹಿಡಿದುಕೊಂಡಿತ್ತು. ನಡುವೆ ತಾಯಿ ಕೇಳಿದರು, "ಆ ಗೊಂಬಿಗೆ ಏನಂತಾರ್ರಿ?"

"ಮ್ಯಾನಿಕ್ವಿನ್ ಅಂತಾರ್ರಿ ನಮ್ಮ ಸಾವಕಾರ್ರು."

"ಹಂಗಂದ್ರ?"

ನನಗೆ ಗೊತ್ತಿರಲಿಲ್ಲ. ಮಗಳು ಮೊಬೈಲಿನಲ್ಲಿ ಹುಡುಕಿ ಹೇಳಿದಳು: "ಡಚ್ಚರ ಮಾತಂತ ಬೇ. ಸಣ್ಣ ಮನುಷ್ಯಾ ಅಂತ ಅರ್ಥ. ಮೊದ್ಲೆಲ್ಲ ಚಿತ್ರ ಬರಿಯೋರು ಕಟ್ಟಿಗಿ ಗೊಂಬಿ ಇಟ್ಕೊಂತಿದ್ರಂತ. ಆಮ್ಯಾಲ ಫ್ರಾನ್ಸಿನ್ಯಾಗ, ಅರಿವಿ ತೊಟ್ಟು ಗಿರಾಕಿಗೆ ತೋರ್ಸೋ ಹೆಣ್ಮಕ್ಕಳಿಗೂ ಹಿಂಗs ಅಂದ್ರಂತ."

"ಹಂಗಾದ್ರ ಈಕೀನೂ ಅದs ಆದ್ಳಲ್ಲ!" ತಾಯಿ ನಕ್ಕರು. ಕೆಡುಕಿಲ್ಲದ ನಗು. ನನಗೆ ಮಾತ್ರ ನಗು ಬರಲಿಲ್ಲ. ಕೈಯಲ್ಲಿದ್ದ ನೆರಿಗೆ ಜಾರಿತು.

ಮಗಳು ನನ್ನ ಕಾಲು ನೋಡಿದಳು. ಮೊಬೈಲ್ ಪಕ್ಕಕ್ಕಿಟ್ಟು ಎದ್ದಳು. "ಅವ್ವಾ, ಸಾಕಿನ್ನ. ನಾನs ಉಡ್ತೇನಿ. ನೀವು ಕೂಡ್ರಿ ಅಕ್ಕಾರ."

ಸೀರೆಗಳ ಗಂಟಿನ ಮೇಲೆ ಕೂತೆ. ಕೂತಲ್ಲಿಂದಲೇ ಅವಳ ನೆರಿಗೆ ಸರಿಮಾಡಿದೆ. ನೇರಳೆ ಬಣ್ಣದ್ದನ್ನು ಉಟ್ಟು ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. "ಇದು ಇರಲಿ," ಅಂದಳು. ಅಷ್ಟು ಹೊತ್ತಿನಲ್ಲಿ ಅವಳು ತಾನಾಗಿ ಆರಿಸಿದ್ದು ಅದೊಂದೇ.

ಅವರು ಹೋದಮೇಲೆ ಸಾಹುಕಾರರು ಗುರ್ ಅಂದರು. "ಗಿರಾಕಿ ಮುಂದ ಕೂಡೋದೇನ ಬೇ?"

"ಕಾಲು ಬ್ಯಾನಿ ಆಗಾಕತ್ತಿದ್ದವ್ರಿ. ಕುಂತೆ."

ಅಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾದವು. ಅವರು ಚಹಾ ತರಿಸಿದರು, ತಮಗೆ ಮಾತ್ರ.

ಈಗಲೂ ಅದೇ ಅಂಗಡಿ, ಅದೇ ಕೆಲಸ. ಗಿರಾಕಿಗಳು ಉಟ್ಟು ತೋರಿಸೆಂದರೆ ಉಡುತ್ತೇನೆ. ನೋವು ಹೆಚ್ಚಾದರೆ, ಯಾರನ್ನೂ ಕೇಳದೆ, ಗಂಟಿನ ಮೇಲೆ ಕೂತುಬಿಡುತ್ತೇನೆ.