ಬಾಗಿಲು ಹಾಕಿಕೊಂಡು ಹಾಕುವ ನೀರು

ನನ್ನ ಮೊಮ್ಮಗಳಿಗೆ ಆಗ ಏಳು ತಿಂಗಳು. ಕೆಳಗೆ ಎರಡು ಹಲ್ಲು ಬಂದಿದ್ದವು. ಯಾರು ಮಾತಾಡಿಸಿದರೂ ಆ ಎರಡು ಹಲ್ಲು ತೋರಿಸಿ, ಮೈಯೆಲ್ಲ ಕುಣಿಸಿ ನಗುತ್ತಿದ್ದಳು. ಹಾಲಿನವನಿಗೂ ನಗು, ಗ್ಯಾಸ್ ಸಿಲಿಂಡರ್ ತಂದವನಿಗೂ ನಗು. ಬೆಂಗೇರಿಯ ನಮ್ಮ ಓಣಿಯಲ್ಲಿ ಅವಳನ್ನು ಬಗಲಿಗೆ ಎತ್ತಿಕೊಂಡು ಹೊರಟರೆ ಹತ್ತು ನಿಮಿಷದ ದಾರಿಗೆ ಒಂದು ತಾಸು ಹಿಡಿಯುತ್ತಿತ್ತು. ಪ್ರತಿ ಬಾಗಿಲಲ್ಲೂ ನಿಂತು ತೋರಿಸದಿದ್ದರೆ ನನಗೇ ಸಮಾಧಾನವಿಲ್ಲ. ಮಗ ನಗುತ್ತಿದ್ದ, "ಅವ್ವಾ, ಊರಾಗ ಇದೊಂದ ಕೂಸು ಹುಟ್ಟೈತೇನು?" ಅಂತ. ಹೌದು, ನನ್ನ ಪಾಲಿಗೆ ಒಂದೇ ಹುಟ್ಟಿತ್ತು. ಅಂಥ ಖುಷಿಯ ದಿನಗಳಲ್ಲೇ ನನಗೆ ಜನ್ಮದಲ್ಲಿ ಬರದಷ್ಟು ಸಿಟ್ಟು ಬಂದದ್ದು. ಬರಿಸಿದ್ದು ನಮ್ಮ ಚರ್ಚು.

ಸೊಸೆ ಸುಳ್ಳ ಎಂಬ ಹಳ್ಳಿಯವಳು. ಅವಳ ಅಪ್ಪ ಅಲ್ಲಿ ಒಕ್ಕಲುತನ ಮಾಡುವವರು, ನಮ್ಮ ಧರ್ಮದವರಲ್ಲ. ಮಗಳು ನನ್ನ ಮಗನನ್ನು ರಿಜಿಸ್ಟರ್ ಮದುವೆಯಾದ ದಿನದಿಂದ ಮಾತು ಬಿಟ್ಟಿದ್ದರು. ಸೊಸೆ ತನ್ನ ದೇವರನ್ನು ಬಿಟ್ಟಿಲ್ಲ, ಬಿಡು ಎಂದು ನಾನೂ ಹೇಳಿಲ್ಲ. ಕೂಸಿಗೆ ದೀಕ್ಷಾಸ್ನಾನ ಮಾಡಿಸೋಣ ಎಂದು ಗಂಡ ಹೆಂಡತಿಯೇ ಕೂಡಿ ಮಾತಾಡಿಕೊಂಡಿದ್ದರು. ಸೊಸೆಯದು ಒಂದೇ ಮಾತು: "ನಮ್ಮಪ್ಪ ಬರಬೇಕ್ರಿ ಅತ್ತಿ. ಅಂವ ಇಲ್ಲದ ಬ್ಯಾಡ."

ನಾನೇ ಫೋನು ಮಾಡಿದೆ. ಬೀಗರು ಕೇಳಿದ್ದು ಇಷ್ಟೇ: "ಕೂಸು ನಮ್ಮವ್ವನ ಕಿವಿ ಹೊತ್ಕೊಂಡು ಹುಟ್ಟೈತಂತ, ಖರೇ ಏನ್ರಿ? ಎಷ್ಟ ಹೊತ್ತಿಗೆ ಬರ್ಲಿ?"

ದೀಕ್ಷಾಸ್ನಾನಕ್ಕೆ ಭಾನುವಾರ ಎಂದು ಗೊತ್ತುಮಾಡಿದ್ದೆವು. ಶುಕ್ರವಾರ ಸಂಜೆ ನಮ್ಮ ಪಾದ್ರಿಗಳು ಮನೆಗೆ ಬಂದರು, ಜೊತೆಗೆ ಚರ್ಚಿನ ಸಮಿತಿಯ ಕಾರ್ಯದರ್ಶಿ. ಪಾದ್ರಿಗಳು ಇನ್ನೂ ಹರೆಯದವರು, ಮೆತ್ತಗಿನ ಮನುಷ್ಯ. ಕೂಸು ಇಬ್ಬರಿಗೂ ನಕ್ಕಿತು. ಮಗ, ಸೊಸೆ ಪೇಟೆಗೆ ಹೋಗಿದ್ದರು; ನಾನೇ ಅವಲಕ್ಕಿ ಕೊಟ್ಟೆ. ಬಟ್ಟಲು ಅರ್ಧವಾದ ಮೇಲೆ ಕಾರ್ಯದರ್ಶಿ ಬಾಯಿಬಿಟ್ಟ.

"ಅವ್ವಾರ, ಈ ಭಾನುವಾರ ಬ್ಯಾಡ್ರಿ. ಎಮ್ಮೆಲ್ಲೆ ಸಾಹೇಬ್ರು ಬರಾಕತ್ತಾರ. ಎಲೆಕ್ಷನ್ ಹತ್ರ ಬಂತಲ್ಲ, ನಮ್ಮ ಗೋರಿಸ್ಥಳಕ್ಕ ಕಾಂಪೌಂಡ್ ಗೋಡಿ ಕಟ್ಟಿಸಿಕೊಡ್ತೀನಿ ಅಂದಾರ."

"ಬರ್ಲಿ ಬಿಡ್ರಿ. ಅವರಿಗೂ ನಗ್ತೈತಿ ನಮ್ಮ ಕೂಸು."

"ನಿಮಗ ತಿಳಿವಲ್ದು. ಅವರ ಹಿಂದ ಇಪ್ಪತ್ತು ಮೊಬೈಲ್ ಬರ್ತಾವ. ನಿಮ್ಮ ಸೊಸಿ ಕುಂಕುಮ ಹಚ್ಕೊಂಡು, ಬಾಜೂಕ ಅವರಪ್ಪ ತಲಿಗೆ ಪಟಕಾ ಸುತ್ಕೊಂಡು ನಿಂತ್ರ ಏನಂತಾರ? ಮತಾಂತರ ಅಂತ ಸಂಜೀಕನಾ ಎಲ್ಲಾರ ಫೋನಿಗೆ ಬರ್ತೈತಿ."

"ಕೂಸಿನ ಅಪ್ಪ ಕ್ರೈಸ್ತ. ಅವ್ವ ಒಪ್ಪ್ಯಾಳ. ಅಜ್ಜ ತಾನ ಬರಾಕತ್ತಾನ. ಯಾರ್ನ ಕದ್ದು ತಂದೇವ್ರಿ ನಾವು?"

ಪಾದ್ರಿಗಳು ಬಟ್ಟಲು ಕೆಳಗಿಟ್ಟು ಹೇಳಿದರು: "ಕಾಲ ಛಲೋ ಇಲ್ಲವ್ವಾ. ಮಂಗಳವಾರ ಮಧ್ಯಾಹ್ನ ನನ್ನ ಮನಿಗೆ ಬರ್ರಿ. ಬಾಗ್ಲಾ ಹಾಕ್ಕೊಂಡು ಐದು ನಿಮಿಷದಾಗ ಮಾಡಿ ಮುಗಿಸ್ತೀನಿ. ಹಾಡು ಬ್ಯಾಡ, ಮಂದಿ ಬ್ಯಾಡ. ಬೀಗರಿಗೂ ಹೇಳಬ್ಯಾಡ್ರಿ."

ನಾನು ನಾಲ್ಕನೇ ಇಯತ್ತೆ ಓದಿದವಳು. ಆದರೆ ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ದುಡಿದಿದ್ದೇನೆ. ಕೂಸು ಉಳಿಯುವುದಿಲ್ಲ ಎಂದು ಗೊತ್ತಾಗಿ, ಪಾದ್ರಿಯನ್ನು ಕರೆಸಲು ವೇಳೆ ಇಲ್ಲದಾಗ, ತಾಯಿ ಕೇಳಿಕೊಂಡರೆ ವಿಶ್ವಾಸಿಗಳು ಯಾರಾದರೂ ತಂದೆ, ಮಗ, ಪವಿತ್ರಾತ್ಮ ಎಂದು ಆ ಮೂರು ಹೆಸರು ಹೇಳಿ ತಲೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಡಬಹುದು. ನನಗೆ ಕಲಿಸಿದ್ದು ಅಲ್ಲಿನ ಹಿರಿಯ ನರ್ಸಮ್ಮ. ಮೂರು ಸಲ ಹಾಕಿದ್ದೇನೆ. ಪರದೆ ಎಳೆದು, ಸ್ಟೀಲಿನ ಬಟ್ಟಲಲ್ಲಿ ನೀರು ಹಿಡಿದು, ಬಾಯೊಳಗೇ ಹೇಳಿಕೊಂಡು. ಹಾಡಿಲ್ಲ, ಮಂದಿಯಿಲ್ಲ. ಅದರಲ್ಲೊಂದು ಕೂಸು ನನ್ನ ಅಂಗೈಗಿಂತ ಚೂರು ದೊಡ್ಡದಿತ್ತು.

"ಅಯ್ನೋರ," ಅಂದೆ, "ಬಾಗ್ಲಾ ಹಾಕ್ಕೊಂಡು ನೀರು ಹಾಕೂದು ನನಗೂ ಬರ್ತೈತಿ. ಮೂರು ಕೂಸಿಗೆ ಹಾಕೀನಿ, ಮೂರೂ ಹೋದ್ವು. ಇದು ಬದುಕೂ ಕೂಸು. ಇದಕ್ಕ ಎಲ್ಲಾರ ಮುಂದ ಹಾಕ್ರಿ."

ಪಾದ್ರಿಗಳು ತಲೆ ತಗ್ಗಿಸಿದರು. ಕಾರ್ಯದರ್ಶಿ ಎದ್ದು ನಿಂತ. "ಭಾನುವಾರ ಇಲ್ಲ ಅಂದ್ರ ಇಲ್ಲ" ಎಂದು ಚಪ್ಪಲಿ ಮೆಟ್ಟಿದ.

ಆ ದಿನ ರೊಟ್ಟಿ ಬಡಿಯುವಾಗ ನನ್ನ ಕೈಯ ಏಟಿಗೆ ಹಿಟ್ಟು ಹರಿದು ಹೋಯಿತು. ಇದೇನು ನಮ್ಮ ಸಭೆ? ಒಂದು ಕಾಲಕ್ಕೆ ಯಾರೂ ಮುಟ್ಟದ ರೋಗಿಯನ್ನು ಮುಟ್ಟಿದವರು, ಯಾರೂ ಶಾಲೆಗೆ ಸೇರಿಸದ ಮಕ್ಕಳನ್ನು ಶಾಲೆಗೆ ಸೇರಿಸಿಕೊಂಡವರು ಎಂದು ನಮ್ಮ ಹಿರಿಯರ ಬಗ್ಗೆ ಇಂದಿಗೂ ಪ್ರಸಂಗ ಮಾಡುತ್ತಾರೆ. ಆ ಹಿರಿಯರ ಗೋರಿಗಳಿಗೆ ಗೋಡೆ ಬೇಕು ಅಂತ ಬದುಕಿರುವವರ ಬಾಯಿಗೆ ಬೀಗ. ಹಿಂದೊಮ್ಮೆ ತಗಡಿನ ಶೆಡ್ಡಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಬಡವರ ಮೇಲೆ ಮತಾಂತರವೆಂದು ಕೆಲವರು ಏರಿಹೋದಾಗಲೂ ಇದೇ ಸಮಿತಿ "ಅವರು ನಮ್ಮ ಸಭೆದವರಲ್ಲ" ಎಂದು ಚಹಾ ಕುಡಿದಿತ್ತು. ಆವತ್ತು ನಾನೂ ಸುಮ್ಮನೆ ಕೂತಿದ್ದೆ. ಅದಕ್ಕೂ ಸೇರಿಸಿ ಸಿಟ್ಟು.

ಬೀಗರಿಗೆ ನಾನು ಬೇಡವೆನ್ನಲಿಲ್ಲ. ಪಾದ್ರಿಗಳು ಆಡಿದ ಮಾತನ್ನು ಮಗ, ಸೊಸೆಗೂ ಹೇಳಲಿಲ್ಲ. ಅದು ನನ್ನ ತಪ್ಪೇ. ಒಂದು ಸಲ ಬರಬೇಡಿ ಎಂದರೆ ಆ ಮನುಷ್ಯ ಇನ್ನೊಂದು ಸಲ ಬರಲಿಕ್ಕಿಲ್ಲ ಎಂದು ನನಗೆ ಹೆದರಿಕೆ.

ಭಾನುವಾರ ಮೊದಲನೆಯ ಬಸ್ಸಿಗೇ ಬಂದರು. ಬಿಳಿ ಧೋತರ, ಗಂಜಿ ಹಾಕಿದ ಕೆಂಪು ಪಟಕಾ. ಚೀಲದಲ್ಲಿ ಖಣದ ಬಟ್ಟೆಯಲ್ಲಿ ಹೊಲಿಸಿದ ಕುಂಚಿಗೆ. ಕೂಸಿನ ತಲೆಗೆ ಕಟ್ಟಿ ಬೆನ್ನಿಗೆ ಇಳಿಬಿಡುವ ಆ ಕುಂಚಿಗೆಯನ್ನು ತವರಿನವರೇ ತರಬೇಕು. ಮಗಳ ಮುಖ ನೋಡಲಿಲ್ಲ. ಕೂಸನ್ನು ನೋಡಿ, "ಏನವಾ, ನನ್ನ ಗುರ್ತು ಹತ್ತಿತೇನು?" ಅಂದರು. ಅದು ಎರಡೂ ಹಲ್ಲು ತೋರಿಸಿತು. ಸೊಸೆ ಒಳಗೆ ಓಡಿಹೋಗಿ ಅತ್ತಳು.

ಚರ್ಚಿನ ಬಾಗಿಲಲ್ಲಿ ನಿಂತವನು, "ಯಜಮಾನ್ರ, ಒಳಗ ಗಂಡಸ್ರು ತಲಿಮ್ಯಾಲೆ ಏನೂ ಇಟ್ಕೊಳ್ಳೂಹಂಗಿಲ್ಲ" ಅಂದ. ಅದು ನಮ್ಮ ಪದ್ಧತಿ. ಬೀಗರು ಪಟಕಾ ತೆಗೆದರು. "ನಮ್ಮ ಗುಡ್ಯಾಗ ಕಾಲಾಗಿಂದು ಬಿಡ್ತೇವಿ, ನಿಮ್ಮಲ್ಲಿ ತಲಿಮ್ಯಾಗಿಂದು. ಆತು ಬಿಡ್ರಿ" ಎಂದು ನಗುತ್ತ ನಮ್ಮ ಬೆಂಚಿಗೇ ಬಂದು ಕೂತು, ಪಟಕಾವನ್ನು ತೊಡೆಯ ಮೇಲಿಟ್ಟುಕೊಂಡರು. ಹಣೆಯ ಮೇಲೆ ಸುತ್ತಿನ ಗೆರೆ ಮೂಡಿತ್ತು.

ಎರಡನೆಯ ಹಾಡಿನ ನಡುವೆ ಸಾಹೇಬರು ಬಂದರು. ಹಾಡು ನಿಂತಿತು. ಎಲ್ಲರೂ ಎದ್ದರು. ನಮ್ಮ ಕಾರ್ಯದರ್ಶಿ ಅವರನ್ನು ನೇರ ಶಿಲುಬೆಯ ಮುಂದೆ ಕರೆದೊಯ್ದು ಮಾಲೆ ಹಾಕಿದ, ಶಾಲು ಹೊದಿಸಿದ, ಆಮೇಲೆ ಜರಿಯ ಪೇಟಾ ತೆಗೆದು ತಲೆಗಿಟ್ಟ. ಮೊಬೈಲುಗಳು ಮೇಲೆದ್ದವು. ಪೇಟಾ ಹೊತ್ತುಕೊಂಡೇ ಅವರು ಪ್ರಸಂಗಪೀಠ ಹತ್ತಿ, ತಾವು ಎಲ್ಲ ಧರ್ಮದವರಿಗೂ ತಮ್ಮನಿದ್ದಂತೆ ಎಂದು ಶುರುಮಾಡಿದರು.

ಬೀಗರು ತಮ್ಮ ಬೋಳು ತಲೆ ಸವರಿಕೊಂಡರು. ತೊಡೆಯ ಮೇಲಿನ ಪಟಕಾ ನೋಡಿದರು. ಮೆಲ್ಲಗೆ ನನ್ನ ಕಡೆ ಬಾಗಿ, "ದೊಡ್ಡವ್ರಿಗೆ ನಡೀತೈತೇನ್ರಿ?" ಎಂದು ಕೇಳಿದರು. ಚುಚ್ಚಲಿಕ್ಕೆ ಕೇಳಿದ್ದಲ್ಲ, ನಿಜಕ್ಕೂ ತಿಳಿದುಕೊಳ್ಳಲು ಕೇಳಿದರು.

ನಾನು ಎದ್ದು ನಿಂತೆ. ಯಾವಾಗ ಎದ್ದೆ ನನಗೇ ಗೊತ್ತಿಲ್ಲ.

"ಸಾಹೇಬ್ರ, ಸ್ವಲ್ಪ ತಡೀರಿ. ನಮ್ಮ ಬೀಗರ ಪಟಕಾ ಬಾಗಲ್ದಾಗ ತೆಗೆಸ್ಯಾರ. ನಿಮಗ ಇಲ್ಲಿ ದೇವರ ಮುಂದ ಪೇಟಾ ಇಟ್ಟಾರ. ಒಂದು ನೀವು ತೆಗೀರಿ, ಇಲ್ಲಾ ಅವರು ಸುತ್ಕೊಳ್ಳಲಿ."

ಕಾರ್ಯದರ್ಶಿ "ಅವ್ವಾರ, ಕೂಡ್ರಿ!" ಎಂದು ಹಲ್ಲು ಕಡಿದ. ಸಾಹೇಬರು ಜಾಣರು. ನಕ್ಕು, ತಾವೇ ಪೇಟಾ ತೆಗೆದು, "ಅವ್ವ ಹೇಳಿದ್ದು ನನಗ ಆಶೀರ್ವಾದ" ಅಂದರು. ಮಂದಿ ಚಪ್ಪಾಳೆ ತಟ್ಟಿದರು! ಅವರ ಮೇಲೆ ನನಗೆ ಸಿಟ್ಟಿಲ್ಲ, ಓಟು ಕೇಳುವುದು ಅವರ ಕಸುಬು. ಪೇಟಾ ಇಟ್ಟ ಕೈಗಳು ನಮ್ಮವು. ಚಪ್ಪಾಳೆ ತಟ್ಟಿದ ಕೈಗಳೂ ನಮ್ಮವೇ.

ಹತ್ತು ನಿಮಿಷದಲ್ಲಿ ಅವರು ಹೊರಟರು. ಅರ್ಧ ಸಮಿತಿ ಗೇಟಿನವರೆಗೆ ಬೀಳ್ಕೊಡಲು ಓಡಿತು. ನಾನು ಸೊಸೆಯ ಕೈಯಿಂದ ಕೂಸನ್ನು ಎತ್ತಿಕೊಂಡು ಹೋಗಿ ದೀಕ್ಷಾಸ್ನಾನದ ಕಲ್ಲಿನ ತೊಟ್ಟಿಯ ಮುಂದೆ ನಿಂತೆ. ಮಗ, ಸೊಸೆ ಹಿಂದೆ ಬಂದರು. ಮುಚ್ಚಳ ತೆಗೆದು ನೋಡಿದರೆ ತೊಟ್ಟಿ ಒಣಗಿತ್ತು.

"ನೀರು ತರಸ್ರಿ ಅಯ್ನೋರ."

"ಅವ್ವಾ, ಶುಕ್ರವಾರನ ಹೇಳೇವಿ. ಇವತ್ತ ಆಗೂದಿಲ್ಲ."

ಸೊಸೆ ನನ್ನ ಮುಖ ನೋಡಿದಳು. ಬೆಂಚಿನಿಂದ ಬೀಗರು ಎದ್ದರು. ಹೋದರು, ಇನ್ನು ಹೋದರು ಎಂದುಕೊಂಡೆ. ಅವರು ಪಟಕಾವನ್ನು ಬೆಂಚಿನ ಮೇಲೇ ಬಿಟ್ಟು ಮುಂದೆ ಬಂದು, ಮಗಳ ಪಕ್ಕಕ್ಕೆ ನಿಂತು ಕೈಮುಗಿದರು.

"ಅಪ್ಪಾರ, ನಾ ಬಂದದ್ದಕ್ಕ ತ್ರಾಸ ಆಗೈತೇನ್ರಿ? ಹಂಗಿದ್ರ ನಾ ಹೊರಗ ನಿಂದರ್ತೀನಿ. ಕೂಸಿಂದು ನಿಲ್ಲಿಸಬ್ಯಾಡ್ರಿ."

ಪಾದ್ರಿಗಳು ಪಕ್ಕದ ಕೋಣೆಗೆ ಹೋಗಿ, ತಾವೇ ತಂಬಿಗೆಯಲ್ಲಿ ನೀರು ತಂದು ತೊಟ್ಟಿಗೆ ಸುರಿದರು. ಅರ್ಧ ಮುಚ್ಚಿದ್ದ ಬಾಗಿಲ ಕಡೆ ನೋಡಿ, "ಪೂರಾ ತೆಗೀರಿ" ಎಂದು ಕೂಗಿದರು. ಆ ಮೂರು ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿ ಕೂಸಿನ ತಲೆಗೆ ನೀರು ಹಾಕಿದರು. ಜಗತ್ತಿಗೆಲ್ಲ ನಗುವ ನನ್ನ ಮೊಮ್ಮಗಳು ನೀರು ತಾಕಿದ್ದೇ ತಡ ಚರ್ಚು ಹಾರಿಹೋಗುವಂತೆ ಚೀರಿದಳು. ಬೀಗರು "ಥಂಡಿ ನೀರು ಹಾಕಿದ್ರಲ್ರೀ" ಎಂದು ಗೊಣಗುತ್ತ ಕುಂಚಿಗೆಯಿಂದ ಅವಳ ತಲೆ ಒರೆಸಿದರು. ಆಮೇಲೆ ಅದೇ ಕುಂಚಿಗೆಯ ತುದಿಯನ್ನು ಮಗಳಿಗೆ ಕೊಟ್ಟು, "ಕಣ್ಣ ಒರಸ್ಕೋ" ಅಂದರು. ಮದುವೆಯ ದಿನದಿಂದೀಚೆಗೆ ಅವಳಿಗೆ ಆಡಿದ ಮೊದಲ ಮಾತು.

ಈಗ ಸಮಿತಿಯಿಂದ ಕಾಗದ ಬಂದಿದೆ. ಆರಾಧನೆಗೆ ಅಡ್ಡಿ ಮಾಡಿದ್ದಕ್ಕೆ ನಾನು ಬರೆದು ಕ್ಷಮೆ ಕೇಳಬೇಕಂತೆ. ಸೊಸೆ ಕೂಸಿನೊಂದಿಗೆ ತವರಿಗೆ ಹೋಗಿದ್ದಾಳೆ, ಮನೆ ಭಣಭಣ ಎನ್ನುತ್ತದೆ. ಮಗನನ್ನು ಕೂರಿಸಿಕೊಂಡು ಹೀಗೆ ಉತ್ತರ ಬರೆಸಿದೆ: ಒಬ್ಬ ಅಜ್ಜ ಮೊಮ್ಮಗಳಿಗಾಗಿ ಹೊರಗೆ ನಿಲ್ಲುತ್ತೇನೆ ಎಂದು ನಮ್ಮ ಚರ್ಚಿನೊಳಗೆ ಕೈಮುಗಿಯಬೇಕಾಯಿತು. ಕ್ಷಮೆ ಕೇಳುವ ಕೆಲಸ ಇದ್ದರೆ ಅಲ್ಲಿದೆ. ಸುಳ್ಳಕ್ಕೆ ಬಸ್ಸಿದೆ, ಹತ್ತಿ ಹೋಗಿ ಬನ್ನಿ. ಮಗ ಸ್ವಲ್ಪ ಮೆತ್ತಗೆ ಬರೆಯಲೇ ಎಂದು ಕೇಳಿದ. ಬೇಡ ಅಂದೆ. ಕೆಳಗೆ ನನ್ನ ಸಹಿ ನಾನೇ ಮಾಡಿದೆ.