ಒಪ್ಪಿಗೆ ಒತ್ತಿದವಳು ನಾನು

ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಆನ್‌ಲೈನ್ ಅಂಗಡಿ. ಪಹಣಿ, ಜಾತಿ ಪ್ರಮಾಣಪತ್ರ, ನೌಕರಿ ಅರ್ಜಿ, ಏನೇ ಇರಲಿ, ಜನ ಹೇಳುತ್ತಾರೆ, ನಾನು ತುಂಬುತ್ತೇನೆ. ಸರಕಾರದ ಪುಟ ಹುಡುಕುವುದರಲ್ಲೇ ಅರ್ಧ ದಿನ ಹೋಗುವುದರಿಂದ ನೌಕರಿ ಸುದ್ದಿ ಹಾಕುವ ಖಾಸಗಿ ಜಾಲತಾಣವೊಂದಕ್ಕೆ ಹೋಗಿ, ಅಲ್ಲಿಯ ಕೊಂಡಿ ಒತ್ತಿ ಸರಕಾರದ ಪುಟಕ್ಕೆ ನುಗ್ಗುವುದು ನಮ್ಮ ಅಂಗಡಿಯವರ ರೂಢಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಅಲ್ಲಿಯ ಜಾಹೀರಾತುಗಳ ಕಾಟಕ್ಕೆ ರೋಸಿ, ಅವನ್ನು ತಡೆಯುವ ಸಾಫ್ಟ್‌ವೇರ್ ಹಾಕಿಕೊಂಡಿದ್ದೆ.

ಕರಜಗಿಯ ಆ ಹೆಣ್ಣುಮಗಳು ಬಂದದ್ದು ಕೊನೆಯ ದಿನ. ಅವಳ ಊರಿನ ಅಂಗನವಾಡಿಯಲ್ಲೇ ಕಾರ್ಯಕರ್ತೆಯ ಜಾಗ ಖಾಲಿಯಾಗಿತ್ತು. ಮುಂದಿನ ತಿಂಗಳು ಅವಳ ವಯಸ್ಸು ಮಿತಿ ದಾಟುತ್ತಿತ್ತು. ಕಬ್ಬಿನ ಕೂಲಿಗೆ ಹೋಗಿ ಹೋಗಿ ಕೈತುಂಬ ಗೀರು. "ಅಕ್ಕಾ, ಇದೊಂದು ಆದ್ರ ಮತ್ತ ಕಬ್ಬಿನ ಹೊಲಕ್ಕ ಕಾಲಿಡಂಗಿಲ್ರಿ," ಅಂದಳು.

ಜಾಲತಾಣ ತೆರೆಯಲೇ ಇಲ್ಲ. ಜಾಹೀರಾತು ತಡೆ ತೆಗೆದು 'ಒಪ್ಪುತ್ತೇನೆ' ಎಂದು ಒತ್ತಿದರೆ ಮಾತ್ರ ಮುಂದೆ ಬಿಡುತ್ತೇವೆ ಎಂಬ ಬರಹ ಅಡ್ಡ ನಿಂತಿತು. ಅಂಗಡಿಯ ತುಂಬ ಜನ, ಎಲ್ಲರಿಗೂ ಅವಸರ. ಹಾಳಾಗಿ ಹೋಗಲಿ ಎಂದು ತೆಗೆದೆ, ಒತ್ತಿದೆ. 'ಅರ್ಜಿ ಸಲ್ಲಿಸಿ' ಎಂಬ ದೊಡ್ಡ ಹಸಿರು ಗುಂಡಿ ಬಂತು. ಅದರೊಳಗೆ ಇಲಾಖೆಯದೇ ಥರದ ಪುಟ. ಓಟಿಪಿಗೆ ಫೋನ್ ಬೇಕು. ಅವರ ಮನೆಯ ಒಂದೇ ಫೋನ್ ಗಂಡನ ಕಿಸೆಯಲ್ಲಿತ್ತು. ನನ್ನ ನಂಬರ್ ಹಾಕಿದೆ. ಅರ್ಧ ತಾಲ್ಲೂಕಿನ ಅರ್ಜಿಗಳಲ್ಲಿ ನನ್ನ ನಂಬರೇ ಇದೆ. ನೋಂದಣಿ ಸಂಖ್ಯೆ ಬಂತು, ಪ್ರಿಂಟ್ ತೆಗೆದು ಕೊಟ್ಟೆ.

ಅರ್ಜಿ ಹಾಕಿದವರ ಪಟ್ಟಿ ಬಂದಾಗ ಅದರಲ್ಲಿ ಅವಳ ಹೆಸರಿರಲಿಲ್ಲ. ಇಲಾಖೆಯ ಕಚೇರಿಯಲ್ಲಿ ಆ ಪ್ರಿಂಟ್ ನೋಡಿ, "ಈ ನಂಬರ್ ನಮ್ದಲ್ರಿ," ಅಂದರು. ಹಸಿರು ಗುಂಡಿ ಜಾಹೀರಾತಾಗಿತ್ತು, ಪುಟ ನಕಲಿಯಾಗಿತ್ತು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಜೇವರ್ಗಿಯ ವಕೀಲರೊಬ್ಬರು ಜಾಲತಾಣದ ಮೇಲೆ ಗ್ರಾಹಕರ ಆಯೋಗದಲ್ಲಿ ಅವಳ ಹೆಸರಿನಿಂದ ದೂರು ಹಾಕಿದರು. "ಚಿಲಕ ತೆಗಿ ಅಂದವ್ರು ಅವ್ರೇ. ಕಳ್ಳ ಬಂದದ್ದು ನಮಗ ಗೊತ್ತಿಲ್ಲ ಅಂದ್ರ ಹೆಂಗ? ಮೋಸ ಆಗ್ಯಾದ ಅಂತ ಆದೇಶ ಬರ್ಲಿ, ಅದನ್ನ ಹಿಡ್ಕೊಂಡು ಇಲಾಖೆಗೆ ವಯಸ್ಸಿನ ರಿಯಾಯ್ತಿ ಕೇಳೂಣು," ಅಂದರು. ಆ ಒಂದು ಕಾಗದದ ಆಸೆಗೆ ಅವಳು ಕೂಲಿ ಬಿಟ್ಟು ತಾರೀಖು ತಾರೀಖಿಗೂ ಕಲಬುರಗಿಗೆ ಬಂದಳು.

ಸಾಕ್ಷಿ ನಾನೇ. ಎದುರಿನ ವಕೀಲರದು ಬೆಣ್ಣೆಯಂಥ ಮಾತು.

"ನಮ್ಮ ತಾಣ ತೆರೆದವರು ಯಾರಮ್ಮಾ?"

"ನಾನು."

"ಒಪ್ಪುತ್ತೇನೆ ಅಂತ ಒತ್ತಿದವರು?"

"ನಾನೇ. ನೀವು ಒತ್ತಿಸಿದ್ರಿ."

"ಫೋನ್ ನಂಬರ್?"

ನನಗೆ ಸಿಟ್ಟು ನೆತ್ತಿಗೇರಿತು. "ನಂದೇರಿ! ಇಡೀ ತಾಲ್ಲೂಕಿನ ಮಂದಿಗೆ ನಾನೇ ಒತ್ತತೇನಿ, ನಂದೇ ನಂಬರ್ ಹಾಕತೇನಿ. ಈಗೇನು?"

ಅವರಿಗೆ ಅಷ್ಟೇ ಬೇಕಾಗಿತ್ತು. ನಮ್ಮ ವಕೀಲರು ತಲೆ ತಗ್ಗಿಸಿದ್ದು ಕಂಡಾಗಲೇ ನನ್ನ ಬಾಯಿ ಏನು ಮಾಡಿತೆಂದು ತಿಳಿಯಿತು.

ಆದೇಶ ಬಂತು. ದೂರುದಾರಳು ಆ ಜಾಲತಾಣವನ್ನು ಬಳಸಿಯೇ ಇಲ್ಲ, ಹಕ್ಕು ಎಂಬುದಿದ್ದರೆ ಅದು ಬಳಸಿದವರದು, ದೂರು ವಜಾ. ನನ್ನ ಪಕ್ಕದ ಸ್ಟೂಲಿನಲ್ಲಿ ಎರಡು ತಾಸು ಕುಳಿತು ಒಂದೊಂದೇ ಅಕ್ಷರ ಹೇಳಿದ್ದವಳು ಲೆಕ್ಕಕ್ಕೇ ಇಲ್ಲ!

ಹೊರಗೆ ಪಡಸಾಲೆಯಲ್ಲಿ ನಿಂತು ಅವಳಿಗೆ ಬಿಡಿಸಿ ಹೇಳಿದ ವಕೀಲರು ನನ್ನ ಕಡೆ ತಿರುಗಿದರು. "ನೀವು ಬೇಕಾದ್ರ ಕೇಸ್ ಹಾಕಬಹುದ್ರಿ. ಬಳಸಿದವ್ರು ನೀವೇ ಅಂತ ಆಯೋಗದವ್ರೇ ಆದೇಶದಾಗ ಬರದಾರ."

"ಹಾಕೂಣ್ರಿ, ನಾಳಿಗೇ ಹಾಕೂಣು," ಅಂದೆ.

"ನಿಮ್ದೇನು ಹೋಗ್ಯಾದ್ರಿ ಅಕ್ಕಾ?" ಎಂದು ಅವಳು ಕೇಳಿದಳು.

ಚುಚ್ಚಲು ಕೇಳಲಿಲ್ಲ, ತಿಳಿಯದೆ ಕೇಳಿದಳು. ವಕೀಲರೂ ನನ್ನ ಮುಖ ನೋಡುತ್ತ ನಿಂತರು. ಎಷ್ಟು ಹುಡುಕಿದರೂ, ನನ್ನದು ಏನೂ ಹೋಗಿರಲಿಲ್ಲ.